ಕಾರಿಗೆ ಕೂಡಿಸಿದ ಕಿವಿ

ರೇಡಿಯೋ ಎಂದೊಡನೆ ನಿಮ್ಮ ನೆನಪಿಗೆ ಬರುವುದು ಬೆಳಗಿನ ಭಕ್ತಿಗೀತೆ, ಪ್ರದೇಶ ಸಮಾಚಾರ, ರಾತ್ರಿಯ ನಾಟಕ. ಆದರೆ ಓದುಗರೇ, ಹಾಡನ್ನು ಹಾಡದ, ವಾರ್ತೆಯನ್ನು ಓದದ, ಬಾಳೆಲ್ಲ ಕೀಚು ದನಿಯಲ್ಲಿ ಕೂಗುವುದೊಂದನ್ನೇ ಬಲ್ಲ ರೇಡಿಯೋ ಒಂದುಂಟು. ಅದನ್ನು ಕಾರಿನೊಳಗೆ ಕೂಡಿಸಿಕೊಳ್ಳಲು ತಗಲುವ ಖರ್ಚು ಎರಡು ಮೂರು ಸಾವಿರ ಡಾಲರು. ಕೊಂಡವನು ಅದನ್ನು ತನ್ನ ಮೋಟಾರಿನ ಮೂತಿಯೊಳಗೆ ಯಾರ ಕಣ್ಣಿಗೂ ಬೀಳದಂತೆ ಅಡಗಿಸುತ್ತಾನೆ. ಅಡಗಿಸಿದ ಮೇಲೆ, ಅದು ಕೂಗದೆ ಇರಲಪ್ಪ ಎಂದು ಹಾರೈಸುತ್ತಾನೆ. ಇದಕ್ಕೆ ರೇಡಾರ್ ಡಿಟೆಕ್ಟರ್ ಎಂದು ಹೆಸರು. ಹೆದ್ದಾರಿಯಲ್ಲಿ ಪೋಲೀಸರು ವಾಹನಗಳ ವೇಗವನ್ನು ಅಳೆಯುವುದಕ್ಕೆ ರೇಡಾರ್ ತರಂಗಗಳನ್ನು ಬಿಡುತ್ತಾರಲ್ಲ, ಆ ತರಂಗಗಳನ್ನು ದೂರದಿಂದಲೇ ಹಿಡಿದು, 'ಸ್ವಾಮೀ, ಕಾಲು ಸಡಿಲಿಸಿ' ಎಂದು ಚಾಲಕನಿಗೆ ತಿಳಿಸುವುದೇ ಇದರ ಕೆಲಸ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಈ ಯಂತ್ರದ ಚರಿತ್ರೆಯನ್ನೂ, ಇದನ್ನು ದುಬಾರಿ ಬೆಲೆ ತೆತ್ತು ಕಾರಿಗೇ ಕೂಡಿಸಿಕೊಂಡವರು ಪಟ್ಟ ಪಾಡನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಥೆ ರೇಡಾರಿಗಿಂತ ಹಳೆಯದು. 1903ರ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಮೋಟಾರು ಗಾಡಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಹೋಗಕೂಡದು. ನಮ್ಮ ಲೆಕ್ಕಕ್ಕೆ 32 ಕಿಲೋಮೀಟರು. ಪೋಲೀಸರು ಬೇಲಿಯ ಮರೆಯಲ್ಲಿ ಕುಳಿತು, ಅಳೆದಿಟ್ಟ ದೂರವನ್ನು ಗಾಡಿ ಎಷ್ಟು ಹೊತ್ತಿನಲ್ಲಿ ದಾಟಿತೆಂದು ಗಡಿಯಾರ ಹಿಡಿದು ನೋಡುತ್ತಿದ್ದರು. ಇದರಿಂದ ರೇಗಿದ ಕೆಲವು ಮೋಟಾರು ಒಡೆಯರು 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿ, ರಸ್ತೆಯಲ್ಲಿ ಸೈಕಲ್ ಸವಾರರನ್ನು ನೇಮಿಸಿದರು. ಮುಂದೆ ಪೋಲೀಸರು ಹೊಂಚು ಹಾಕಿದ್ದಾರೆಂದು ಸದಸ್ಯರಿಗೆ ಸನ್ನೆ ಮಾಡುವುದು ಇವರ ಉದ್ಯೋಗ. 1910ರಲ್ಲಿ ನ್ಯಾಯಾಲಯ ಹೀಗೆ ಎಚ್ಚರಿಸುವುದು ಪೋಲೀಸರ ಕರ್ತವ್ಯಕ್ಕೆ ಅಡ್ಡಿ, ಅಪರಾಧ ಎಂದಿತು. ಸಂಘದವರು ಸುಮ್ಮನಾದರೆ? ಇಲ್ಲ. ಉಪಾಯ ಮಾಡಿದರು. ಸಂಘದ ಬಿಲ್ಲೆ ಇರುವ ಗಾಡಿ ಬಂದಾಗ ಸವಾರ ಸಲಾಮು ಹೊಡೆಯಬೇಕು. ಸಲಾಮು ಹೊಡೆಯದಿದ್ದರೆ ಸದಸ್ಯರು ಗಾಡಿ ನಿಲ್ಲಿಸಿ ಏಕೆಂದು ವಿಚಾರಿಸಬೇಕು. ಎಚ್ಚರಿಕೆ ಕೊಟ್ಟರೆ ತಾನೆ ಅಪರಾಧ? ಸಲಾಮು ಹೊಡೆಯದೆ ಇದ್ದುದಕ್ಕೆ ಯಾವ ನ್ಯಾಯಾಧೀಶ ಶಿಕ್ಷಿಸಿಯಾನು! ಈ ಸಲಾಮಿನ ಪದ್ಧತಿ 1960ರ ದಶಕದ ಆರಂಭದವರೆಗೂ ನಡೆದುಕೊಂಡು ಬಂತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಆಟ ಅಂದಿನಿಂದಲೇ ಶುರುವಾಯಿತೆನ್ನಬಹುದು.

ಇನ್ನು ರೇಡಾರಿಗೆ ಬರೋಣ. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿ ಎಂಬ ಊರಿನ ಹತ್ತಿರ ರಾಬರ್ಟ್ ವಾಟ್ಸನ್-ವಾಟ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದ. ಬಿ.ಬಿ.ಸಿ.ಯ ಕಿರುತರಂಗ ಪ್ರಸಾರ ಕೇಂದ್ರದಿಂದ ಹೊರಡುತ್ತಿದ್ದ ಅಲೆಗಳು ಆಕಾಶದಲ್ಲಿ ಹಾರುವ ವಿಮಾನಕ್ಕೆ ಬಡಿದು ಹಿಂತಿರುಗುತ್ತವೆಯೆ ಎಂದು ನೋಡಿದ. ಹಿಂತಿರುಗಿದವು. ಜನರಿಗೆ ಹಾಡು ಕೇಳಿಸಲು ಕಟ್ಟಿದ ಪ್ರಸಾರ ಕೇಂದ್ರವೇ ರೇಡಾರಿನ ತೊಟ್ಟಿಲಾಯಿತು. ಅದೇ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಆರಂಭಿಸಿದರು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ವರ್ಷ ಒಂದೇ ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಮಹಾಯುದ್ಧದಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಯ್ದ ಆ ವಾಟ್ಸನ್-ವಾಟ್ ಮುಂದೆ ಕೆನಡಾ ದೇಶಕ್ಕೆ ಹೋದ. 1950ರ ದಶಕದಲ್ಲಿ ಒಂದು ದಿನ ಅಲ್ಲಿನ ರಸ್ತೆಯಲ್ಲಿ ಅತಿವೇಗಕ್ಕಾಗಿ ಪೋಲೀಸರು ಅವನ ಕಾರನ್ನು ತಡೆದು ಜುಲ್ಮಾನೆ ಹಾಕಿದರು. ಹಿಡಿದುಕೊಟ್ಟಿದ್ದು ರೇಡಾರು! ಆತ ರಸಿಕ, ತನ್ನ ಗತಿಯನ್ನು ತಾನೇ ಹಾಸ್ಯಮಾಡಿಕೊಂಡು ಪದ್ಯ ಬರೆದ.

ವಿಮಾನ ಹುಡುಕುವ ರೇಡಾರು ರಸ್ತೆಗೆ ಇಳಿದದ್ದು ಹೇಗೆ? ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾದಳದ ಒಂದು ಬಗೆಯ ವಿಮಾನ ನೆಲಕ್ಕಿಳಿಯುವಾಗ ಅದರ ಗಾಲಿಯ ಕಾಲುಗಳು ಪೆಟ್ಟು ತಿನ್ನುತ್ತಿದ್ದವು. ಎಷ್ಟು ವೇಗದಲ್ಲಿ ಕೆಳಗಿಳಿಯುತ್ತದೆಂದು ಅಳೆಯಬೇಕಾಗಿತ್ತು. ಜಾನ್ ಬಾರ್ಕರ್ ಮತ್ತು ಬೆನ್ ಮಿಡ್‌ಲಾಕ್ ಎಂಬ ಇಬ್ಬರು ಕಾಫಿಪುಡಿಯ ತಗಡಿನ ಡಬ್ಬಿಗಳನ್ನು ಬೆಸುಗೆ ಹಾಕಿ ಒಂದು ಉಪಕರಣ ಮಾಡಿ, ಓಡುಹಾದಿಯ ಕೊನೆಯಲ್ಲಿ ಮೇಲ್ಮುಖವಾಗಿ ಇಟ್ಟರು. ಯುದ್ಧ ಮುಗಿದ ಮೇಲೆ ಬಾರ್ಕರ್ ಅದೇ ತತ್ತ್ವದ ಯಂತ್ರವನ್ನು ರಸ್ತೆಯ ಕಡೆ ತಿರುಗಿಸಿದ. 1947ರ ಸುಮಾರಿಗೆ ಕನೆಕ್ಟಿಕಟ್ ರಾಜ್ಯದ ಗ್ಲಾಸ್ಟನ್‌ಬರಿಯಲ್ಲಿ ಪರೀಕ್ಷೆ ನಡೆಯಿತು. 1949ರಲ್ಲಿ ಆ ರಾಜ್ಯದ ಪೋಲೀಸರು ರೇಡಾರಿನ ಸಾಕ್ಷ್ಯದ ಮೇಲೆ ಚೀಟಿ ಹರಿಯತೊಡಗಿದರು.

ಅದರ ತತ್ತ್ವ ನಿಮಗೆ ಹೊಸದಲ್ಲ. ಸ್ಟೇಷನ್ನಿನಲ್ಲಿ ನಿಂತಾಗ ಶಿಳ್ಳೆ ಹಾಕುತ್ತ ಬರುವ ರೈಲಿನ ದನಿ ಹತ್ತಿರವಾಗುವ ತನಕ ಏರಿದ ಶ್ರುತಿಯಲ್ಲಿದ್ದು, ನಮ್ಮನ್ನು ದಾಟಿದೊಡನೆ ತಟ್ಟನೆ ಇಳಿಯುತ್ತದಲ್ಲವೆ? ಇದರ ಸೂತ್ರವನ್ನು 1842ರಲ್ಲಿ ಕ್ರಿಸ್ಟಿಯನ್ ಡಾಪ್ಲರ್ ಹೇಳಿದ. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬಾತ ರೈಲಿನ ಮೇಲೆ ತುತ್ತೂರಿ ಊದುವವರನ್ನು ಹತ್ತಿಸಿ ಅದನ್ನು ಪರೀಕ್ಷಿಸಿದ. ರೇಡಾರಿನ ಅಲೆಯೂ ಅಷ್ಟೆ. ಎದುರಿಗೆ ಬರುವ ಕಾರಿಗೆ ಬಡಿದು ಮರಳುವಾಗ ಅದರ ಶ್ರುತಿ ಒಂದಿಷ್ಟು ಏರುತ್ತದೆ. ಬಿಟ್ಟ ಅಲೆ, ಮರಳಿದ ಅಲೆ ಎರಡನ್ನೂ ಕೂಡಿಸಿದರೆ ಉಳಿಯುವ ವ್ಯತ್ಯಾಸವೇ ವೇಗ. ಮುಂದೆ ಪೋಲೀಸರು ಬಹುಕಾಲ ಬಳಸಿದ ಎಕ್ಸ್ ಬ್ಯಾಂಡಿನಲ್ಲಿ, ಎಂದರೆ 10.525 ಗಿಗಾಹರ್ಟ್ಸಿನಲ್ಲಿ, ಗಂಟೆಗೆ 60 ಮೈಲಿ ವೇಗದ ಕಾರು ಹುಟ್ಟಿಸುವ ವ್ಯತ್ಯಾಸ ಸೆಕೆಂಡಿಗೆ ಸುಮಾರು 1,880 ಕಂಪನ. ಅದು ನಮ್ಮ ಕಿವಿಗೆ ಕೇಳುವ ಶ್ರುತಿಯೇ. ಹಾಗಾಗಿ ಪೋಲೀಸರು ತಮ್ಮ ಯಂತ್ರ ಸರಿಯಾಗಿದೆಯೆ ಎಂದು ನೋಡಲು ಅದರ ಮುಂದೆ ಶ್ರುತಿಕವೆಯನ್ನು ತಟ್ಟಿ ಹಿಡಿಯುತ್ತಾರೆ. ಹೈಸ್ಕೂಲಿನಲ್ಲಿ ನೀವು ಕಿವಿಯ ಬಳಿ ಹಿಡಿದಿದ್ದ ಅದೇ ಶ್ರುತಿಕವೆ.

ರೇಡಾರು ಬಂದ ಬೆನ್ನಿಗೇ ಅದನ್ನು ಕೇಳುವ ಪೆಟ್ಟಿಗೆಯೂ ಬಂತು. ಇದು ಸಾಧ್ಯವಾದುದಕ್ಕೆ ಒಂದು ಸರಳ ಕಾರಣವಿದೆ. ಕತ್ತಲೆಯಲ್ಲಿ ಒಬ್ಬ ಟಾರ್ಚು ಹಿಡಿದು ನಿಮ್ಮನ್ನು ಹುಡುಕುತ್ತಿದ್ದಾನೆನ್ನಿ. ಬೆಳಕು ನಿಮ್ಮ ತನಕ ಬಂದು, ನಿಮ್ಮ ಮೈಗೆ ಬಡಿದು, ಮರಳಿ ಅವನ ಕಣ್ಣಿಗೆ ಮುಟ್ಟಬೇಕು. ಆಗ ಅವನಿಗೆ ನೀವು ಕಾಣುತ್ತೀರಿ. ಆದರೆ ಅವನ ಟಾರ್ಚು ನಿಮಗೆ ಮೈಲಿ ದೂರದಿಂದಲೇ ಕಾಣುತ್ತದೆ. ಬೆಳಕು ಒಂದೇ ದಾರಿ ನಡೆದರೆ ಸಾಕು. ಡಿಟೆಕ್ಟರಿನ ಬಲವೆಲ್ಲ ಇದರಲ್ಲಿದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಪುಟ್ಟ ಪೆಟ್ಟಿಗೆಗಳು ಹಳೆಯ ಕಾಲದ ಕ್ರಿಸ್ಟಲ್ ರೇಡಿಯೋದಂಥವು; ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿದರಾಯಿತು. ಆಗಲೇ, 1962ರಲ್ಲಿ, ವರ್ಜೀನಿಯಾ ರಾಜ್ಯ ಅವುಗಳನ್ನು ನಿಷೇಧಿಸಿತು. ಈ ವರ್ಜೀನಿಯಾದ ಹೆಸರು ಮುಂದೆಯೂ ಬರಲಿದೆ, ನೆನಪಿಟ್ಟುಕೊಳ್ಳಿ.

ಆದರೂ ಡಿಟೆಕ್ಟರು ಮನೆಮಾತಾದದ್ದು ಎಣ್ಣೆಯ ಬಿಕ್ಕಟ್ಟಿನಿಂದ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲು ಉಳಿಸಬೇಕೆಂದು 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಒಂದು ಕಾಯಿದೆಗೆ ಸಹಿ ಹಾಕಿದರು. ಇಡೀ ದೇಶದಲ್ಲಿ ಗಂಟೆಗೆ 55 ಮೈಲಿ ಮಿತಿ. ಎಂದರೆ ಸುಮಾರು 88 ಕಿಲೋಮೀಟರು. ಅಗಲವಾದ ನೇರ ರಸ್ತೆಗಳಲ್ಲಿ 70, 75 ಮೈಲಿಯ ಓಟಕ್ಕೆ ಒಗ್ಗಿದ ಜನರಿಗೆ ಇದು ಎತ್ತಿನ ಗಾಡಿಯ ಪ್ರಯಾಣದಂತೆ ತೋರಿತು. ಲಾರಿ ಚಾಲಕರು ಚಿಕ್ಕ ಟ್ರಾನ್ಸ್‌ಮಿಟರುಗಳನ್ನು ಇಟ್ಟುಕೊಂಡು ಪೋಲೀಸರು ಎಲ್ಲಿದ್ದಾರೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೋದರು. ಓಹಿಯೋದ ಡೇಲ್ ಸ್ಮಿತ್ ಎಂಬಾತ ತಾನೇ ರೇಡಾರಿಗೆ ಸಿಕ್ಕಿಬಿದ್ದು ಕೆರಳಿ ಮಾಡಿದ 'ಫಜ್‌ಬಸ್ಟರ್' ಎಂಬ ಪೆಟ್ಟಿಗೆ ಬಿಸಿ ದೋಸೆಯಂತೆ ಖರ್ಚಾಯಿತು. 'ಫಜ್' ಎಂದರೆ ಅಲ್ಲಿನ ಬೀದಿಮಾತಿನಲ್ಲಿ ಪೋಲೀಸು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. 1973ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 54,052 ಮಂದಿ. 1974ರಲ್ಲಿ 45,196. ಜನ ಪ್ರಯಾಣವನ್ನೇ ಕಡಿಮೆ ಮಾಡಿದ್ದು ಇದಕ್ಕೆ ಒಂದು ಕಾರಣ. ಮಿತಿಯೂ ಒಂದು ಕಾರಣ. ಯಾವುದರ ಪಾಲೆಷ್ಟು ಎಂದು ಅಲ್ಲಿನವರು ಬಹಳ ಜಗಳವಾಡಿದ್ದಾರೆ. ಎಂಟು ಸಾವಿರಕ್ಕೂ ಮಿಕ್ಕ ಜನ ಬದುಕಿ ಉಳಿದರೆಂಬುದರಲ್ಲಿ ಜಗಳವಿಲ್ಲ. ಡಿಟೆಕ್ಟರ್ ಕೊಂಡವನ ಕಷ್ಟಗಳನ್ನು ಓದಿ ನೀವು ನಗುವಾಗಲೂ, ಮರುಗುವಾಗಲೂ ಈ ಅಂಕಿಗಳು ಪಕ್ಕದಲ್ಲಿರಲಿ.

ಹಾಗೆಂದು ರೇಡಾರಿನ ಮಾತೆಲ್ಲ ವೇದವಾಕ್ಯವೂ ಅಲ್ಲ. 1979ರಲ್ಲಿ ಫ್ಲಾರಿಡಾದ ಮಯಾಮಿಯ ಟೆಲಿವಿಷನ್ನಿನವರು ತಾಳೆಜಾತಿಯ ಒಂದು ಮರಕ್ಕೆ ಪೋಲೀಸು ರೇಡಾರನ್ನು ಗುರಿ ಹಿಡಿದು ತೋರಿಸಿದರು. ಯಂತ್ರ ಆ ಮರ ಗಂಟೆಗೆ 86 ಮೈಲಿ ವೇಗದಲ್ಲಿ ಹೋಗುತ್ತಿದೆಯೆಂದಿತು! ಒಂದು ಮನೆ 28 ಮೈಲಿ ವೇಗದಲ್ಲಿ ಸಾಗಿತ್ತು. ಅದೇ ವರ್ಷ ಅಲ್ಲಿನ ನ್ಯಾಯಾಲಯ ಅಂಥ ಸಾಕ್ಷ್ಯವನ್ನು ನಂಬಲಾಗದೆಂದು ತೀರ್ಪು ಕೊಟ್ಟಿತು. ಡಿಟೆಕ್ಟರ್ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿತ್ತೆ? 'ನಾವು ಕಾನೂನು ಮುರಿಯುತ್ತಿಲ್ಲ, ಯಂತ್ರದ ತಪ್ಪಿನಿಂದ ನಮ್ಮನ್ನು ನಾವು ಕಾಪಾಡಿಕೊಳ್ಳುತ್ತಿದ್ದೇವೆ' ಎಂಬ ವಾದ ಅಂದಿನಿಂದ ಗಟ್ಟಿಯಾಯಿತು. ಅದರಲ್ಲಿ ಕಾಲುಭಾಗ ನಿಜವಿದೆಯೆಂದು ನನ್ನ ಎಣಿಕೆ.

1978ರಲ್ಲಿ ಸಿನ್ಸಿನಾಟಿ ನಗರದ ಇಬ್ಬರು ತರುಣ ಇಂಜಿನಿಯರುಗಳು, ಜಿಮ್ ಜೇಗರ್ ಮತ್ತು ಮೈಕ್ ವ್ಯಾಲೆಂಟೈನ್, 'ಎಸ್ಕಾರ್ಟ್' ಎಂಬ ಹೊಸ ಡಿಟೆಕ್ಟರನ್ನು ಹೊರತಂದರು. ಬೆಲೆ 245 ಡಾಲರು. ಹಳೆಯದು ಕ್ರಿಸ್ಟಲ್ ಸೆಟ್ಟಾದರೆ ಇದು ಸೂಪರ್‌ಹೆಟ್. ವಾಲ್ವ್ ರೇಡಿಯೋ ಇಟ್ಟುಕೊಂಡಿದ್ದ ಮನೆಗಳಲ್ಲಿ ಆ ಶಬ್ದವನ್ನು ವಿವರಿಸಬೇಕಾಗಿಲ್ಲ. ಸೆಟ್ಟಿನೊಳಗೇ ಒಂದು ಪುಟ್ಟ ಆಂದೋಲಕ ತನ್ನದೇ ಅಲೆಯನ್ನು ಹುಟ್ಟಿಸುತ್ತದೆ. ಹೊರಗಿನ ಅಲೆಯನ್ನು ಅದರೊಂದಿಗೆ ಬೆರೆಸಿದರೆ ಕ್ಷೀಣವಾದ ದನಿಯೂ ಸ್ಫುಟವಾಗುತ್ತದೆ. ದೂರದ ಸಿಲೋನನ್ನು ನಮ್ಮ ಹಜಾರಕ್ಕೆ ತಂದ ವಿದ್ಯೆಯೇ ಗುಡ್ಡದಾಚೆಯ ಪೋಲೀಸನನ್ನು ಅಮೆರಿಕದ ಚಾಲಕನ ಕಿವಿಗೆ ತಂದಿತು. ಆದರೆ ಈ ಪುಟ್ಟ ಆಂದೋಲಕವೇ ಮುಂದೆ ಮನೆಮುರುಕನಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಕಾರಿಗೇ ಕೂಡಿಸುವ ವಿಚಾರ. ಗಾಜಿಗೆ ಅಂಟಿಸಿದ ಪೆಟ್ಟಿಗೆಗೆ ಮೂರು ದೋಷ. ಕಳ್ಳ ನೋಡುತ್ತಾನೆ, ಗಾಜು ಒಡೆದು ಒಯ್ಯುತ್ತಾನೆ. ಪೋಲೀಸನು ನೋಡುತ್ತಾನೆ, ಅವನ ಮುಖ ಗಂಟಾಗುತ್ತದೆ. ಮೂರನೆಯದು, ಬೆಲೆಬಾಳುವ ಕಾರುಗಳಲ್ಲಿ ಬಿಸಿಲಿನ ಝಳ ತಡೆಯಲೆಂದು ಗಾಜಿಗೆ ಲೋಹದ ತೆಳು ಲೇಪ ಕೊಡುವ ಪದ್ಧತಿ ಬಂತು. ಆ ಲೋಹ ರೇಡಾರಿನ ಅಲೆಯನ್ನೂ ತಡೆದುಬಿಟ್ಟಿತು. ಒಳಗೆ ಕೂತ ಡಿಟೆಕ್ಟರು ಅರೆಗಿವುಡಾಯಿತು. ಸರಿ, ಕಿವಿಯನ್ನು ಹೊರಗೆ ಇಡೋಣ ಎಂದರು. ಮುಂದಿನ ಜಾಲರಿಯ ಹಿಂದೆ ಒಂದು ಏರಿಯಲ್ ಪೆಟ್ಟಿಗೆ, ಹಿಂದಿನ ನಂಬರು ಹಲಗೆಯ ಬಳಿ ಇನ್ನೊಂದು, ಕಾರಿನ ಮೈಯೊಳಗೆಲ್ಲ ತಂತಿ, ಚಾಲಕನ ಮುಂದೆ ಮಾತ್ರ ಬೆರಳಗಲದ ಸೂಚಕ. ನೋಡಿದವರಿಗೆ ಏನೂ ಕಾಣದು. ಇಂಥ ಸೆಟ್ಟುಗಳು 1980ರ ದಶಕದಿಂದಲೇ ಇದ್ದವು. 2000ದಿಂದೀಚೆಗೆ ಅವುಗಳ ಬೆಲೆ ಸಾವಿರ, ಎರಡು ಸಾವಿರ ಡಾಲರು ದಾಟಿ, ಕೂಡಿಸುವ ಕೂಲಿಯೂ ಸೇರಿ ಇನ್ನೂ ಮೇಲಕ್ಕೆ ಹೋಯಿತು. ಮುಂದಿನ ಬಂಪರನ್ನೇ ಕಳಚಿ ಮಾಡಬೇಕಾದ ಕೆಲಸ ಅದು.

ಕೂಡಿಸಿದವನಿಗೆ ಮೊದಲ ಪೆಟ್ಟು ಕಾಲದಿಂದ. ಮೊತ್ತಮೊದಲ ರೇಡಾರುಗಳು 2.455 ಗಿಗಾಹರ್ಟ್ಸಿನವು; ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಬೆಂಗಳೂರು ಕೇಂದ್ರಕ್ಕೆ ಹೆಸರಾದ 612 ಕಿಲೋಹರ್ಟ್ಸಿನ ಅಲೆ 490 ಮೀಟರು ಎಂಬುದರೊಡನೆ ಹೋಲಿಸಿ ನೋಡಿ! ಆಮೇಲೆ ಬಂದದ್ದು ಆಗಲೇ ಹೇಳಿದ ಎಕ್ಸ್ ಬ್ಯಾಂಡು. ಅದರ ಅಲೆ ಮೂರು ಸೆಂಟಿಮೀಟರಿಗೂ ಕಡಿಮೆ. 1970ರ ದಶಕದ ನಡುವಿನಿಂದ ಕೆ ಬ್ಯಾಂಡು, 24.150 ಗಿಗಾಹರ್ಟ್ಸು. 1980ರ ದಶಕದಲ್ಲಿ ಕೆಎ ಬ್ಯಾಂಡು. ಅದು 1990ರ ದಶಕದ ಆರಂಭದಲ್ಲಿ ಹಿಗ್ಗಿ 33.4ರಿಂದ 36 ಗಿಗಾಹರ್ಟ್ಸಿನವರೆಗೆ ಹರಡಿತು, ಅಲೆಯ ಉದ್ದ ಸೆಂಟಿಮೀಟರಿಗಿಂತ ಕಡಿಮೆಯಾಯಿತು. ಇಷ್ಟು ಕಿರಿದಾದ ಅಲೆಗಳನ್ನು ಮೊದಲು ಪಳಗಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಒಬ್ಬರು. 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ, ಕೊಳವೆಯಂಥ ಬಾಯಿಯಲ್ಲಿ ಹಿಡಿದು ಪ್ರಯೋಗ ಮಾಡಿದರು. ಡಿಟೆಕ್ಟರುಗಳೊಳಗಿನ ಕೊಂಬಿನಾಕಾರದ ಏರಿಯಲ್ಲು ಆ ಕೊಳವೆಬಾಯಿಯ ಮೊಮ್ಮಗು ಎನ್ನಬಹುದು.

ಇರಲಿ. ಪೋಲೀಸರು ಬ್ಯಾಂಡು ಬದಲಿಸಿದಾಗಲೆಲ್ಲ ಹಳೆಯ ಡಿಟೆಕ್ಟರು ಹೊಸ ರೇಡಾರಿಗೆ ಕಿವುಡು. ಅಂಗಡಿಯಿಂದ ತಂದು ಗಾಜಿಗೆ ಅಂಟಿಸಿದ ಪೆಟ್ಟಿಗೆಯಾದರೆ ಕಿತ್ತು ಬೇರೆಯದನ್ನು ತಂದುಕೊಳ್ಳಬಹುದು. ಕಾರಿನ ಎಲುಬಿನೊಳಗೆ ಸೇರಿಸಿದ್ದನ್ನು? ಮತ್ತೆ ಬಂಪರು ಕಳಚು, ತಂತಿ ಎಳೆ, ಕೂಲಿ ಕೊಡು. ಕಾರು ಮಾರಬೇಕೆಂದರೆ ಇನ್ನೊಂದು ಪೇಚು. ಬಿಟ್ಟುಕೊಟ್ಟರೆ ಎರಡು ಸಾವಿರ ಡಾಲರು ಹೋಯಿತು. ಕಿತ್ತುಕೊಂಡರೆ ಹೊಸ ಕಾರಿನ ಮೂತಿಗೆ ಅದು ಹೊಂದಲಿಕ್ಕಿಲ್ಲ. ಅದರ ಮೇಲೆ ಮಳೆ, ಕೆಸರು, ಹಿಮ, ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು, ಇವೆಲ್ಲವನ್ನೂ ಆ ಕಿವಿ ವರ್ಷವಿಡೀ ತಿನ್ನುತ್ತಿರಬೇಕು. ಗುಂಡಿ ಒತ್ತಿದಾಗ ಮಾತ್ರ ಒಂದು ಕ್ಷಣ ಅಲೆ ಬಿಡುವ ರೇಡಾರುಗಳನ್ನೂ ಪೋಲೀಸರು ತಂದರು. ಮುಂದಿನ ಕಾರಿಗೆ ಹೊಡೆದಾಗ ಸೋರಿದ ಅಲೆಯನ್ನು ಹಿಡಿದರೆ ಬಚಾವು. ಮುಂದೆ ಯಾವ ಕಾರೂ ಇಲ್ಲದ ಬರಿಯ ರಸ್ತೆಯಲ್ಲಿ ಡಿಟೆಕ್ಟರು ಕೂಗುವುದೂ ವೇಗ ದಾಖಲಾಗುವುದೂ ಒಟ್ಟಿಗೇ. 1990ರ ಹೊತ್ತಿಗೆ ಲೇಸರ್ ಬಂದೂಕು ಬಂತು. ಅದರ ಕಿರಣ ಸಾವಿರ ಅಡಿ ದೂರದಲ್ಲೂ ಮೂರಡಿಯಷ್ಟೇ ಅಗಲ. ಅದಕ್ಕೆ ಡಿಟೆಕ್ಟರು ಕೂಗಿತೆಂದರೆ ಅದು ಎಚ್ಚರಿಕೆಯಲ್ಲ, ಚೀಟಿ ಬರುತ್ತಿದೆಯೆಂಬ ಸಮಾಚಾರ.

ಎರಡನೆಯ ಪೆಟ್ಟು ಸುಳ್ಳು ಕೂಗಿನಿಂದ. ಪಕ್ಕದ ಮನೆಯ ಮಿಕ್ಸಿ ತಿರುಗಿದರೆ ನಿಮ್ಮ ರೇಡಿಯೋ ಕರಕರ ಎನ್ನುತ್ತದಲ್ಲ, ಹಾಗೆ. ದೊಡ್ಡ ಅಂಗಡಿಗಳ ಮುಂದೆ ಮನುಷ್ಯ ಬಂದೊಡನೆ ತಾನೇ ತೆರೆದುಕೊಳ್ಳುವ ಬಾಗಿಲುಂಟು. ಆ ಬಾಗಿಲಿನ ಕಣ್ಣು ಎಕ್ಸ್ ಬ್ಯಾಂಡಿನಲ್ಲೋ ಕೆ ಬ್ಯಾಂಡಿನಲ್ಲೋ ಸಣ್ಣ ಅಲೆ ಬಿಡುತ್ತದೆ. ಊರು ಹೊಕ್ಕರೆ ಅಂಗಡಿಗೊಂದು ಕೂಗು. ಇದು ಸಹಿಸಬಹುದಾದ ಕಷ್ಟ. ಒಂದು ಸ್ಥಳದಲ್ಲಿ ಪದೇ ಪದೇ ಬರುವ ಸುಳ್ಳು ಕೂಗನ್ನು ಉಪಗ್ರಹದ ಸಹಾಯದಿಂದ ಗುರುತಿಟ್ಟುಕೊಂಡು ಬಾಯಿ ಮುಚ್ಚುವ ಡಿಟೆಕ್ಟರುಗಳೂ ಬಂದವು. ಆದರೆ ಆಮೇಲೆ ಆದದ್ದು ಬೇರೆ. ಪಕ್ಕದಲ್ಲಿ, ಹಿಂದೆ ಬರುವ ಗಾಡಿಗಳನ್ನು ಚಾಲಕನಿಗೆ ತಿಳಿಸಲು ಕಾರು ತಯಾರಿಸುವವರೇ ಕಾರಿನ ಹಿಂದಿನ ಮೂಲೆಗಳಲ್ಲಿ ಪುಟ್ಟ ರೇಡಾರುಗಳನ್ನು ಇಡತೊಡಗಿದರು. ಅವುಗಳಲ್ಲಿ ಬಹಳಷ್ಟು 24 ಗಿಗಾಹರ್ಟ್ಸಿನವು, ಪೋಲೀಸರ ಕೆ ಬ್ಯಾಂಡಿನ ಮಗ್ಗುಲಲ್ಲೇ. ಇವು ಬಾಗಿಲಿನಂತೆ ಒಂದೆಡೆ ನಿಲ್ಲುವುದಿಲ್ಲ, ಜೊತೆಗೇ ಓಡುತ್ತವೆ. ಮುಂದಿನ ಕಾರು, ಪಕ್ಕದ ಕಾರು, ದಾಟಿ ಹೋಗುವ ಕಾರು, ಎಲ್ಲಕ್ಕೂ ಡಿಟೆಕ್ಟರು ಕೀಚಿಡುತ್ತದೆ. ಕೆಲವರ ಪಾಡು ಇನ್ನೂ ವಿಚಿತ್ರ: ಅವರ ಕಾರಿನ ಹಿಂದಿನ ಕಿವಿ ಅವರದೇ ಕಾರಿನ ರೇಡಾರನ್ನು ಕೇಳಿ ಕೂಗುತ್ತದೆ. 'ಹುಲಿ ಬಂತು ಹುಲಿ' ಎಂದ ಹುಡುಗನ ಕಥೆಯಾದರೆ ಅಲ್ಲಿ ಹುಡುಗ ಬೇಕೆಂದು ಸುಳ್ಳು ಹೇಳಿದ. ಇದು ಪಾಪ, ಸುಳ್ಳನ್ನೇ ಹೇಳುತ್ತಿಲ್ಲ. ಅಲ್ಲಿ ರೇಡಾರು ನಿಜವಾಗಿ ಇದೆ. ಪೋಲೀಸನು ಮಾತ್ರ ಇಲ್ಲ. ದಿನಕ್ಕೆ ನೂರು ಸಲ ಕೇಳಿದ ಕೂಗಿಗೆ ಮನುಷ್ಯನ ಕಾಲು ಬ್ರೇಕಿನ ಕಡೆ ಹೋಗುವುದಿಲ್ಲ. ಮೆದುಳೇ ಅದನ್ನು ಕೇಳುವುದನ್ನು ಬಿಡುತ್ತದೆ. ತಯಾರಕರು ಕೆ ಬ್ಯಾಂಡಿಗೆ ಸೋಸುವ ಏರ್ಪಾಡು ಮಾಡಿದರು. ಬಿಗಿಯಾಗಿ ಸೋಸಿದರೆ ನಿಜವಾದ ಪೋಲೀಸು ರೇಡಾರೂ ಸೋಸಿಹೋಗುವ ಭಯ. ಕಾರಿನ ರೇಡಾರುಗಳನ್ನು 76ರಿಂದ 81 ಗಿಗಾಹರ್ಟ್ಸಿಗೆ ಸಾಗಿಸುವ ತೀರ್ಮಾನ ಅಮೆರಿಕದಲ್ಲಿ 2017ರಲ್ಲಾಯಿತು. ಆದರೆ ಅಷ್ಟರಲ್ಲಿ ರಸ್ತೆಗಿಳಿದ ಹಳೆಯ ಕಾರುಗಳು ಓಡುವಷ್ಟು ಕಾಲ ಓಡಲೇಬೇಕಲ್ಲ.

ಮೂರನೆಯ ಪೆಟ್ಟೇ ನಾನು ಆಮೇಲೆ ಹೇಳುತ್ತೇನೆಂದ ಆಂದೋಲಕದ ಕಥೆ. ಸೂಪರ್‌ಹೆಟ್ ಸೆಟ್ಟಿನೊಳಗಿನ ಅಲೆ ಪೂರ್ತಿಯಾಗಿ ಒಳಗೇ ಉಳಿಯುವುದಿಲ್ಲ. ಏರಿಯಲ್ಲಿನ ಮೂಲಕ ಕೊಂಚ ಹೊರಕ್ಕೆ ಸೋರುತ್ತದೆ. ಕದ್ದು ಕೇಳುವವನು ತಾನೂ ಪಿಸುಗುಟ್ಟುತ್ತಿರುತ್ತಾನೆ! ಕೆನಡಾದಲ್ಲಿ ತಯಾರಾದ 'ವಿಜಿ-2' ಎಂಬ ಉಪಕರಣ ಈ ಪಿಸುಮಾತನ್ನು ಹಿಡಿಯಿತು. ಡಿಟೆಕ್ಟರನ್ನು ಹಿಡಿಯುವ ಡಿಟೆಕ್ಟರು. ತಕ್ಷಣ ತಯಾರಕರು ವಿಜಿ-2 ಹತ್ತಿರದಲ್ಲಿದ್ದರೆ ಅದನ್ನು ಗುರುತಿಸಿ ತನ್ನ ಆಂದೋಲಕವನ್ನು ಆರಿಸಿಕೊಳ್ಳುವ ಡಿಟೆಕ್ಟರನ್ನು ಮಾಡಿದರು. ಆರಿಸಿಕೊಂಡಷ್ಟು ಹೊತ್ತು ಅದು ರೇಡಾರಿಗೆ ಕಿವುಡು ಎಂಬುದನ್ನು ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವಂತಿರಲಿಲ್ಲ. ಮುಂದೆ ಆಸ್ಟ್ರೇಲಿಯದ 'ಸ್ಪೆಕ್ಟರ್' ಎಂಬುದು ಬಂತು. ಆಟ ಇನ್ನೊಂದು ಸುತ್ತು ಹೋಯಿತು. ಯಾರ ಕಣ್ಣಿಗೂ ಬೀಳದಂತೆ ಅಡಗಿಸಲೆಂದೇ ದುಡ್ಡು ಸುರಿದವನ ಸ್ಥಿತಿ ಯೋಚಿಸಿ. ಕಣ್ಣಿಗೆ ಬೀಳಲಿಲ್ಲ, ಅದರ ಪಿಸುಮಾತೇ ಅವನನ್ನು ಹಿಡಿದುಕೊಟ್ಟಿತು.

ಹಿಡಿದುಕೊಟ್ಟರೆ ಆಗುವುದೇನು? ಅದು ಯಾವ ಊರೆಂಬುದರ ಮೇಲಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸ್ವಂತ ಕಾರಿನಲ್ಲಿ ಡಿಟೆಕ್ಟರ್ ಇಡುವುದು ಅಪರಾಧವಲ್ಲ. ದೊಡ್ಡ ಲಾರಿ, ಬಸ್ಸುಗಳಿಗೆ ಮಾತ್ರ 1994ರಿಂದ ದೇಶಾದ್ಯಂತ ನಿಷೇಧ. ಕನೆಕ್ಟಿಕಟ್ 1992ರಲ್ಲಿ ತನ್ನ ನಿಷೇಧವನ್ನು ತೆಗೆಯಿತು. ವರ್ಜೀನಿಯಾ ಮತ್ತು ರಾಜಧಾನಿ ವಾಷಿಂಗ್ಟನ್ನು ತೆಗೆಯಲಿಲ್ಲ. ಕೆನಡಾದ ಹೆಚ್ಚಿನ ಪ್ರಾಂತಗಳಲ್ಲಿ ಇಟ್ಟುಕೊಂಡಿರುವುದೇ ತಪ್ಪು. ಸ್ವಿಟ್ಜರ್ಲೆಂಡಿನಲ್ಲಿ ವಶಪಡಿಸಿಕೊಂಡು ನಾಶಮಾಡುತ್ತಾರೆ. ವರ್ಜೀನಿಯಾದ ಕಾನೂನಿನಲ್ಲಿ ಒಂದು ರಿಯಾಯಿತಿ ಉಂಟು. ಡಿಟೆಕ್ಟರಿಗೆ ವಿದ್ಯುತ್ತಿನ ಸಂಪರ್ಕ ಇಲ್ಲದಿದ್ದು, ಗಾಡಿಯಲ್ಲಿದ್ದವರ ಕೈಗೆ ಸುಲಭವಾಗಿ ಎಟುಕದಂತಿದ್ದರೆ ಅಪರಾಧವಲ್ಲ. ಅಗ್ಗದ ಪೆಟ್ಟಿಗೆಯವನು ಗಡಿ ಬರುತ್ತಲೂ ತಂತಿ ಕಿತ್ತು, ಡಿಕ್ಕಿಯಲ್ಲಿ ಬಟ್ಟೆಯ ಕೆಳಗಿಟ್ಟು, ನೆಮ್ಮದಿಯಾಗಿ ದಾಟುತ್ತಾನೆ. ಮೂರು ಸಾವಿರ ಕೊಟ್ಟವನ ಡಿಟೆಕ್ಟರು ಬ್ಯಾಟರಿಗೇ ಜೋಡಿಸಲ್ಪಟ್ಟು, ಸೂಚಕ ಕಣ್ಣ ಮುಂದೆಯೇ ಇರುತ್ತದೆ. ಅವನೇನು ಮಾಡಬೇಕು, ಬಂಪರು ಕಳಚಬೇಕೆ?

ಕೇಳುವುದೇ ಅಪರಾಧವಾದೀತೆ ಎಂಬ ಪ್ರಶ್ನೆ ನಮಗೂ ಹತ್ತಿರದ್ದು. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯಂತೆ ಪರವಾನಗಿ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಲೈಸೆನ್ಸಿನ ಪುಸ್ತಕಕ್ಕೆ ಹಣ ಕಟ್ಟಿಬರುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. 1980ರ ದಶಕದಲ್ಲಿ ಆ ಲೈಸೆನ್ಸು ರದ್ದಾಯಿತು. ಅಮೆರಿಕದಲ್ಲಿ ಶ್ರೋತೃವಿಗೆ ಲೈಸೆನ್ಸಿನ ಪದ್ಧತಿಯೇ ಇರಲಿಲ್ಲ. ಆಕಾಶದಲ್ಲಿ ಬಂದ ಅಲೆಯನ್ನು ಕೇಳಲು ಯಾರ ಅಪ್ಪಣೆ ಬೇಕು ಎಂಬುದು ಅಲ್ಲಿನವರ ಹಟ. ಬ್ರಿಟನ್ನಿನಲ್ಲಿ 1949ರ ಕಾಯಿದೆಯ ಪ್ರಕಾರ ತನಗೆ ಉದ್ದೇಶಿಸದ ಸಂದೇಶವನ್ನು ವೈರ್‌ಲೆಸ್ಸಿನಲ್ಲಿ ಕೇಳುವುದು ತಪ್ಪಾಗಿತ್ತು. ಆ ಕಾಯಿದೆಯನ್ನೇ ಡಿಟೆಕ್ಟರಿನವರ ಮೇಲೆ ಪ್ರಯೋಗಿಸುತ್ತಿದ್ದರು. 1998ರಲ್ಲಿ ಒಬ್ಬ ಮೋಟಾರು ಒಡೆಯನ ಮೊಕದ್ದಮೆ ಲಂಡನ್ನಿನ ಉಚ್ಚ ನ್ಯಾಯಾಲಯಕ್ಕೆ ಬಂತು. ಪೋಲೀಸು ರೇಡಾರಿನ ಅಲೆಯಲ್ಲಿ ಸಂದೇಶವೇನಿದೆ, ಅದು ಯಾರಿಗೆ ಏನನ್ನು ಹೇಳುತ್ತಿದೆ ಎಂಬುದೇ ಅಲ್ಲಿ ಎದ್ದ ಪ್ರಶ್ನೆ. ಏನೂ ಹೇಳುತ್ತಿಲ್ಲ ಎಂದು ತೀರ್ಮಾನವಾಯಿತು. ಅಲೆ ಇದೆಯೆಂದು ತಿಳಿದರೆ ಸಂದೇಶ ಕೇಳಿದಂತಾಗುವುದಿಲ್ಲ. ಮೋಟಾರು ಒಡೆಯ ಗೆದ್ದ. ಆದರೆ ಗೆಲುವಿನ ರುಚಿ ಬಹುಕಾಲ ಉಳಿಯಲಿಲ್ಲ. ಆ ವೇಳೆಗಾಗಲೇ ಅಲ್ಲಿನ ರಸ್ತೆಗಳಿಗೆ ಇನ್ನೊಂದು ಬಗೆಯ ಕ್ಯಾಮೆರಾ ಬರುತ್ತಿತ್ತು. ಎರಡು ಕಂಬಗಳ ಮೇಲೆ ಎರಡು ಕ್ಯಾಮೆರಾ. ಎರಡೂ ನಂಬರು ಹಲಗೆಯನ್ನು ಓದುತ್ತವೆ. ನಡುವಿನ ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ. ಬೇಲಿಯ ಮರೆಯಲ್ಲಿ ಗಡಿಯಾರ ಹಿಡಿದು ಕುಳಿತ 1905ರ ಪೋಲೀಸನ ಲೆಕ್ಕವೇ ಅದು. ಅಲ್ಲಿ ಅಲೆಯೇ ಇಲ್ಲ. ಕೇಳಲು ಕಿವಿಗೆ ಏನೂ ಇಲ್ಲ.

ಗಂಟೆಗೆ 55 ಮೈಲಿಯ ಮಿತಿಯೂ 1995ರಲ್ಲಿ ರದ್ದಾಯಿತು. ಅಮೆರಿಕದ ಹೆದ್ದಾರಿಗಳಲ್ಲಿ ಇಂದು ಬಹಳ ಜನ ಚಾಲಕರು ಪೋಲೀಸರ ಸುಳಿವನ್ನು ತಿಳಿಯುವುದು ಮೊಬೈಲ್ ಫೋನಿನಿಂದ. ಮುಂದೆ ಹೋದವನು ಒಂದು ಗುರುತು ಒತ್ತುತ್ತಾನೆ, ಹಿಂದೆ ಬರುವವನಿಗೆ ಅದು ಕಾಣಿಸುತ್ತದೆ. ಖರ್ಚು ಏನೂ ಇಲ್ಲ. ಸೈಕಲ್ ಸವಾರನ ಸಲಾಮು ಮರಳಿ ಬಂದಂತಾಯಿತು. ಎರಡು ಸಾವಿರ ಡಾಲರಿನ ಕಿವಿ ಮಾತ್ರ ಹಲವು ಹಳೆಯ ಕಾರುಗಳ ಜಾಲರಿಯ ಹಿಂದೆ ಹಾಗೆಯೇ ಉಳಿದಿದೆ. ತೆಗೆಸುವ ಕೂಲಿ ದಂಡವೆಂದು ಒಡೆಯರು ಅದನ್ನು ತೆಗೆಸಿಲ್ಲ. ಪಕ್ಕದಲ್ಲಿ ಹೊಸ ಕಾರೊಂದು ಹಾದುಹೋದರೆ ಈಗಲೂ ಒಮ್ಮೆ ಕೀಚಿಡುತ್ತದೆ.